ಆನೆಗೆ ಎದುರು ಟ್ಯಾಂಕು

ಜೂನ್ 12, 2006. ಚನ್ನಪಟ್ಟಣ
ಹನ್ನೊಂದಕ್ಕೆ ಕರೆಂಟ್ ಬಂತು. ಲೇತಿನಲ್ಲಿ ಮರದ ಆನೆಯ ಕಾಲು ಕಡೆಯುವುದರಲ್ಲೇ ದಿನ ಹೋಯಿತು. ಬೆಂಗಳೂರಿನ ಅಂಗಡಿಯವರ ಆರ್ಡರ್ — ಒಂದೇ ಪೆಟ್ಟಿಗೆಯಲ್ಲಿ ರಾಜರ ಕಾಲದ ಸೈನ್ಯ, ಈಗಿನ ಸೈನ್ಯ. ಮಕ್ಕಳು ಯುದ್ಧ ಆಡಬೇಕಂತೆ. ಈಗಿನದು ಗಂಡನ ಅಣ್ಣ ಸ್ವಾಮಿ ಭಾವನ ಪಾಲು. ಹಳೆಯದು ನನಗೆ. ಹಳೆಯದು ಯಾವಾಗಲೂ ನನಗೇ.

ಜೂನ್ 14
ಭಾವ ಬಾಯಿಬಿಟ್ಟ. ಆಳುಗಳೆಲ್ಲ ಬಿಡದಿ ಫ್ಯಾಕ್ಟರಿಗೆ ಓಡಿಹೋದರು, ಶೆಡ್ಡಿಗೆ ಎರಡು ಲೇತ್ ಯಾಕೆ, ಒಂದು ಮಾರುತ್ತಾನಂತೆ. ಅಂಗಡಿಯವರು ಯಾರ ಸೈನ್ಯ ಮೆಚ್ಚುತ್ತಾರೋ ಅವರ ಲೇತ್ ಉಳಿಯುತ್ತದೆ. ನನ್ನದು ತೀರಿಹೋದ ಗಂಡನ ಲೇತ್, ಈಗ ನನ್ನ ಅನ್ನ. ಮುಟ್ಟಲಿ ನೋಡೋಣ.

ಟೀ ಹೊತ್ತಿಗೆ ಕೆಣಕಿದ. "ಒಂದ್ ಮಿಷನ್ ಗನ್ ಸಾಕು ಕಣಮ್ಮಿ, ನಿನ್ ಆನೆಗೊಳೆಲ್ಲ ಮಕಾಡೆ ಮಲೀಕತವೆ."
"ಸಾವನದುರ್ಗದ ಬಂಡೆ ಮ್ಯಾಲೆ ನಿಮ್ ಟ್ಯಾಂಕ್ ಹತ್ತಿಸಿ ನೋಡನ ಭಾವ. ಡೀಸಲ್ ಮುಗುದ್ರೆ ಎಳ್ಕಂಡ್ ಬರಕೆ ನನ್ ಆನೇನೇ ಬೇಕು."
ಅರಗು ಬಳಿಯುವ ಸಾಬೀರ್ ನಕ್ಕುಬಿಟ್ಟ. ಭಾವನ ಮುಖ ಇಂಗು ತಿಂದ ಮಂಗನ ಹಾಗಾಯಿತು.

ಜೂನ್ 23
ಲೇತಿನಲ್ಲಿ ಕಡೆದದ್ದೆಲ್ಲ ಗುಂಡಗೆ. ಭಾವನ ಟ್ಯಾಂಕ್ ಉಪ್ಪಿನಕಾಯಿ ಭರಣಿ! ಅದಿರಲಿ... ಮೊನ್ನೆ ಬಂದ ಹಸಿಮರದಲ್ಲೇ ಕಡೆಯುತ್ತಿದ್ದಾನೆ. ಒಣಗಿಸುವ ತಾಳ್ಮೆ ಇಲ್ಲ. ಮೇಲೆ ಅರಗು ಫಳಫಳ, ಒಳಗೆ ನೀರು. ತಿಂಗಳು ಕಳೆದರೆ ಸೀಳದೆ ಇರುವುದಿಲ್ಲ.
"ಅಕ್ಕಾ, ಒಂದ್ ಮಾತು ಏಳ್ಬುಡಿ. ನಾನ್ ಏಳಿದ್ರೆ ಬೈತಾರೆ," ಅಂದ ಸಾಬೀರ್.
"ನಂಗ್ಯಾಕಪ್ಪ? ಅವ್ರ ಸೈನ್ಯ, ಅವ್ರ ಹಣೇಬರ."

ಜುಲೈ 3
ಗೆದ್ದೆ! ಅಂಗಡಿಯವರು ಆನೆಗಳಿಂದ ಕಣ್ಣು ಕೀಳಲಿಲ್ಲ. ಪೆಟ್ಟಿಗೆಗಳೆಲ್ಲ ಲಾರಿ ಹತ್ತಿದವು. ನನ್ನ ಲೇತ್ ಉಳಿಯಿತು, ಭಾವನದಕ್ಕೆ ಗಿರಾಕಿ ಸಿಗಬೇಕಷ್ಟೆ. ಒಬ್ಬಟ್ಟು ಮಾಡಿ ಭಾವನ ಮನೆಗೂ ಕಳಿಸಿದೆ — ಬೇಕೆಂದೇ.

ಆಗಸ್ಟ್ 21
ಲಾರಿ ವಾಪಸ್ ಬಂತು. ಎಲ್ಲ ಪೆಟ್ಟಿಗೆಗಳೂ. ಟ್ಯಾಂಕುಗಳು ಉದ್ದಕ್ಕೂ ಸೀಳಿವೆ. ಆನೆ ಒಂದೂ ಸೀಳಿಲ್ಲ. ಅದನ್ನು ಕೇಳುವವರು ಯಾರು? ಪೆಟ್ಟಿಗೆ ಒಂದೇ, ಶೆಡ್ಡಿನ ಹೆಸರೂ ಒಂದೇ. ಇನ್ನು ಮುಂದೆ ನಮ್ಮ ಮಾಲೇ ಬೇಡವಂತೆ.
"ಸೀಳ್ತದೆ ಅಂತ ನಿಂಗೆ ಗೊತ್ತಿತ್ತೇನಮ್ಮಿ?"
"ಗೊತ್ತಿತ್ತು."
ಭಾವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಗಸ್ಟ್ 29
ಎರಡು ಲೇತೂ ಹೋಗುತ್ತಿವೆ. ಕೊಂಡವನ ಟೆಂಪೋ ಬಾಗಿಲಲ್ಲಿ ನಿಂತಿದೆ. ಭಾವನದು ಆಗಲೇ ಏರಿಸಿದರು. ನನ್ನದರ ಬೆಲ್ಟ್ ಭಾವನ ಕೈಗೆ ಬಗ್ಗುತ್ತಿಲ್ಲ. ಕೂಗುತ್ತಿದ್ದಾನೆ — "ಅಮ್ಮಿ, ಒಸಿ ಬಾ. ನೀನೇ ಬಿಚ್ಚು."
ಹೋಗಬೇಕು. ನನ್ನ ಕೈಯಾರೆ...