ಕೌದಿಯ ಹೊಟ್ಟೆ

ಸಂಗೀತಾ,

ಕೌದಿಯ ಅಂಚು ಬಿಚ್ಚುತ್ತ ಕೂತಿದ್ದವಳು ಅರ್ಧಕ್ಕೇ ಎದ್ದು ಹೊರಟಿದ್ದೇನೆ. ಸೂಜಿ ಅದರಲ್ಲೇ ಚುಚ್ಚಿದೆ, ಮಗುವನ್ನು ಹತ್ತಿರ ಬಿಡಬೇಡ.

ನಮ್ಮ ಅಕ್ಕ ಊರಿಂದ ಕಳಿಸಿದ ಹಳೇ ಸೀರೆಗಳಲ್ಲಿ ಅವಳಿಗೇ ಅಂತ ಹೊಲಿದ ಕೌದಿ. ಮುಚ್ಚುವ ಮೊದಲು ಒಳಗೊಂದು ಚೂರು ರೊಟ್ಟಿ ಇಡಬೇಕು. “ಹಸದ ಕೌದಿ ಹೊತ್ಕೊಂಡ್ರ ನಿದ್ದಿ ಬರಂಗಿಲ್ಲವ್ವಾ” ಅಂತ ಅಕ್ಕ ಗದರುತ್ತಿದ್ದಳು. ನಾನು ಮರೆತೇ ಹೊಲಿದುಬಿಟ್ಟಿದ್ದೆ. ಮೊನ್ನೆಯಿಂದ ಬೆಕ್ಕು ಅದರ ಸುತ್ತ ತಿರುಗುತ್ತದೆ, ಮೇಲೆ ಕಾಲಿಡುವುದಿಲ್ಲ.

ಈಗ ಬಿಚ್ಚಿದರೆ ಒಳಗೆ ರೊಟ್ಟಿಯಿದೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಅಕ್ಕ ತಟ್ಟುವಂಥದೇ, ಇನ್ನೂ ಬೆಚ್ಚಗಿದೆ. ನಮ್ಮನೆಯಲ್ಲಿ ಸಜ್ಜೆ ಹಿಟ್ಟೇ ಇಲ್ಲ, ನಿನಗೇ ಗೊತ್ತು.

ಅದನ್ನು ಎಸೆಯಬೇಡ, ಬೆಕ್ಕಿಗೂ ಹಾಕಬೇಡ. ಅವರೆಕಾಳು ಹಿದುಕಿಟ್ಟಿದ್ದೇನೆ, ಸಾರು ಮಾಡು. ಅಂಗಳದ ಹೊಂಗೆ ಎಲೆ ಗುಡಿಸು.

ಅಕ್ಕ ಫೋನ್ ಎತ್ತುತ್ತಿಲ್ಲ. “ಇಲ್ಲೇ ಬಂದು ಇರಕ್ಕ” ಅಂತ ಸೀರೆ ಬಂದ ದಿನವೇ ಕಾಗದ ಬರೆದಿದ್ದೆ. ಕೌದಿ ಮುಗಿದ ಮೇಲೆ ಜೊತೆಗೇ ಕಳಿಸೋಣ ಅಂತ ಇಟ್ಟುಕೊಂಡುಬಿಟ್ಟೆ. ಇವತ್ತು ಕಾಗದವಾದರೂ ಹೋಗಲಿ, ಬನಶಂಕರಿ ಪೋಸ್ಟ್ ಆಫೀಸಿನಲ್ಲಿ ಹಾಕಿ ಬರುತ್ತೇನೆ.

ಅಷ್ಟರಲ್ಲಿ ಅವಳೇ ಬಂದರೆ ಏನೂ ಕೇಳಬೇಡ, ಬಾಗಿಲು ತೆಗೆ. ಚಳಿ ಅಂದರೆ ಕೌದಿ ಹೊದಿಸು.

ನಿನ್ನ ಅತ್ತೆ