ಸುಗ್ಗಿ ಊಟಕ್ಕೆ ನಿಂತವಳು

15 ನವೆಂಬರ್ 2016, ಪ್ರಾಸ್ಪೆಕ್ಟ್

ಇವತ್ತೂ ಗಂಜಿ ಗಂಟಾಯಿತು. ಶರ್ವಾಣಿಯ ಸ್ಕೂಲಿನಲ್ಲಿ ಮುಂದಿನ ಮಂಗಳವಾರ ಸುಗ್ಗಿ ಊಟ. ಒಂದೊಂದು ಗುಂಪಿಗೆ ಒಂದೊಂದು ದೇಶ. ಇವಳ ಗುಂಪಿಗೆ ವಸಾಹತು ಕಾಲದ ಅಮೆರಿಕದ ಮನೆ. ನಮ್ಮ ಪಾಲಿಗೆ ಮುಸುಕಿನ ಜೋಳದ ಗಂಜಿ, ಮೇಲೆ ಕಾಕಂಬಿ. ಬಾಯಿಗಿಡಲಾಗದ ಸಪ್ಪೆ. ಸಾಸಿವೆ ಡಬ್ಬಿ ತೆಗೆದರೆ ಕೈ ಹಿಡಿದಳು.

“ನೋ ಒಗ್ಗರಣೆ, ಅಮ್ಮಾ! ದೇ ಡಿಡಂಟ್ ಹ್ಯಾವ್ ಇಟ್ ದೆನ್.”

ಹತ್ತು ವರ್ಷದ ಹುಡುಗಿ ನನಗೆ ಅಡುಗೆ ಕಲಿಸುತ್ತಾಳೆ...

18 ನವೆಂಬರ್

ಮೈ ಉರಿಯುತ್ತಿದೆ. ಊಟದ ಜೊತೆ ಆ ಮನೆಯ ನಾಟಕವೂ ಇದೆಯಂತೆ. ಆ ಕಾಲದಲ್ಲಿ ಯಜಮಾನ ಕುರ್ಚಿಯಲ್ಲಿ ಕೂರುತ್ತಿದ್ದನಂತೆ, ಕೆಲಸದ ಹುಡುಗಿ ನಿಂತು ಬಡಿಸಿ, ಉಳಿದದ್ದನ್ನು ಆಮೇಲೆ ತಿನ್ನುತ್ತಿದ್ದಳಂತೆ. ಆ ಹುಡುಗಿಯ ಪಾತ್ರ ಯಾರಿಗೆ? ಶರ್ವಾಣಿಗೆ. ಗುಂಪಿನಲ್ಲಿ ಕಂದು ಬಣ್ಣದವಳು ಇವಳೊಬ್ಬಳೇ!

“ಸ್ಕೂಲ್ ನಾಟಕ ಕಣೇ. ಯಾಕೆ ಇಷ್ಟು ದೊಡ್ಡದು ಮಾಡ್ತೀಯ?” ಎಂದ ಶಶಾಂಕ, ಟಿವಿಯಿಂದ ಕಣ್ಣು ತೆಗೆಯದೆ. ಗಂಡ ಎನ್ನಿಸಿಕೊಂಡದ್ದಕ್ಕೆ ಇಷ್ಟಾದರೂ ಮಾತಾಡಿದನಲ್ಲ.

ನನ್ನ ಮಗಳು ಎಲ್ಲರ ಜೊತೆ ಕೂತು ಉಣ್ಣಬೇಕು. ಅಷ್ಟೇ. ಸೋಮವಾರ ಟೀಚರನ್ನು ಕೇಳಿಯೇ ಬಿಡುತ್ತೇನೆ.

21 ನವೆಂಬರ್

ಕೇಳಿದೆ. ಮುಖಕ್ಕೆ ಹೊಡೆದ ಹಾಗಾಯಿತು. ಟೀಚರ್ ಯಾರಿಗೂ ಪಾತ್ರ ಕೊಟ್ಟಿರಲಿಲ್ಲ, ಯಾರು ಯಾವುದು ಮಾಡುತ್ತೀರಿ ಎಂದು ಕೇಳಿದ್ದರು. ಮೊದಲು ಕೈ ಎತ್ತಿದವಳು ಇವಳೇ.

ಕಾರಿನಲ್ಲಿ ಹರಿಹಾಯ್ದೆ. “ಕೂತ್ಕೊಳ್ಳೋ ಪಾತ್ರ ಇರ್ಲಿಲ್ವೇನೇ?”

“ಐ ನೋ ದಿಸ್ ಒನ್, ಅಮ್ಮಾ. ಎವ್ರಿ ಹಬ್ಬ ಯೂ ಡೂ ಇಟ್. ಅಪ್ಪ ಸಿಟ್ಸ್, ಅಂಕಲ್ಸ್ ಸಿಟ್, ಯೂ ಸ್ಟ್ಯಾಂಡ್.”

ತಮಾಷೆಗೆ ಹೇಳಲಿಲ್ಲ. ಗೊತ್ತಿರುವುದನ್ನು ಹೇಳಿದಳು. ಸಿಗ್ನಲ್ ಹಸಿರಾದದ್ದೂ ತಿಳಿಯಲಿಲ್ಲ, ಹಿಂದಿನವನು ಹಾರ್ನ್ ಹೊಡೆದ.

22 ನವೆಂಬರ್, ರಾತ್ರಿ

ಊಟ ಆಯಿತು. ಚೆನ್ನಾಗಿ ಮಾಡಿದಳು, ಅದೇ ಸಂಕಟ. ಸೆರಗಿಲ್ಲದಿದ್ದರೂ, ನನ್ನ ಹಾಗೇ ಏಪ್ರನ್ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. “ಇನ್ನೊಂಚೂರು, ಇನ್ನೊಂಚೂರು” — ಕನ್ನಡದಲ್ಲೇ! ಮನೆಯಲ್ಲಿ ಕಾಲು ಹಿಡಿದರೂ ಕನ್ನಡ ಆಡದ ಹುಡುಗಿ. ಎಲ್ಲರೂ ಚಪ್ಪಾಳೆ ಹೊಡೆದರು. ಇವಳಿಗೆ ಗಂಜಿ ಉಳಿಯಲಿಲ್ಲ.

ಮನೆಗೆ ಬಂದು ಚಪಾತಿಗಳನ್ನೆಲ್ಲ ಒಟ್ಟಿಗೆ ಮಾಡಿಟ್ಟೆ. ಸ್ಟವ್ ಆರಿಸಿ, ಕುರ್ಚಿ ಎಳೆದು, ಕೂತೆ.

“ಯಾಕೆ, ಹುಷಾರಿಲ್ವಾ?” ಎಂದ ಶಶಾಂಕ.

“ಹುಷಾರಾಗೇ ಇದೀನಿ. ಬೇಕಾದ್ದು ಹಾಕ್ಕೊಂಡು ತಿನ್ನಿ.”

ಶರ್ವಾಣಿ ಎದ್ದಳು. ಸೌಟು ಕೈಗೆ ತೆಗೆದುಕೊಂಡಳು.

“ಕೂತ್ಕೋ ಪುಟ್ಟಿ.”

“ಸಮ್‌ಬಡಿ ಹ್ಯಾಸ್ ಟು, ಅಮ್ಮಾ.”

ಶಶಾಂಕನ ಮುಖ ನೋಡಿದೆ. ಈಗಲಾದರೂ ಒಂದು ಮಾತು ಆಡುತ್ತಾನೆ ಅಂದುಕೊಂಡೆ. ಅವನು ಅವಳ ಕಡೆ ತಟ್ಟೆ ಚಾಚಿದ.