ಕುಡಿಯದವರ ಲಿವರ್

ಗುರುವಾರ, ಹನ್ನೊಂದನೇ ತಾರೀಕು
ಈಜುಕೊಳದ ಟಿಕೆಟ್ ಕೋಣೆಯಿಂದ, ಮಧ್ಯಾಹ್ನ

ಮನೆಯವರಿಗೆ,

ಮನೆ ಬಿಟ್ಟು ಹೋಗಿ ನಾಲ್ಕು ವರ್ಷವಾದವರನ್ನು ಹೀಗೆ ಕರೆಯಬಹುದೋ ಇಲ್ಲವೋ ಗೊತ್ತಿಲ್ಲ. ಬೇರೆ ಹೆಸರು ನಾಲಿಗೆಗೆ ಬರಲಿಲ್ಲ. ಬಿಟ್ಟು ಹೋದಿರಿ ಎನ್ನುವುದೂ ತಪ್ಪೇ, ಕಳಿಸಿದವಳು ನಾನು. ಕ್ಷೇಮವೇ ಎಂದು ಕೇಳುವ ಮುಖ ನನಗಿಲ್ಲ, ನೇರವಾಗಿ ವಿಷಯಕ್ಕೆ ಬರುತ್ತೇನೆ. ನನಗೆ ಫ್ಯಾಟಿ ಲಿವರ್ ಅಂತೆ.

ನಗಬೇಡಿ. ಅಥವಾ ನಕ್ಕುಬಿಡಿ, ನಿಮಗೆ ಆ ಹಕ್ಕಿದೆ. ಈಜು ಕಲಿಸುವವರು ವರ್ಷಕ್ಕೊಮ್ಮೆ ಆರೋಗ್ಯದ ಪ್ರಮಾಣಪತ್ರ ಕೊಡಬೇಕಲ್ಲ, ಅದಕ್ಕೆಂದು ಹೋದಾಗ ಸ್ಕ್ಯಾನಿನಲ್ಲಿ ಕಂಡಿತು. ದಿನಕ್ಕೆ ನಲವತ್ತು ಸುತ್ತು ಈಜುವವಳು ನಾನು, ಕರಿದದ್ದು ಕಂಡರೆ ಮುಖ ತಿರುಗಿಸುವವಳು. ಡಾಕ್ಟರು ತಲೆ ಎತ್ತದೆ ಕೇಳಿದ ಮೊದಲ ಪ್ರಶ್ನೆ, ಎಷ್ಟು ಕುಡೀತೀರಿ ಎಂದು. ಕುಡೀತೀರಾ ಎಂದಲ್ಲ, ಎಷ್ಟು ಎಂದು.

ತೊಟ್ಟೂ ಮುಟ್ಟಿಲ್ಲ ಎಂದೆ. ಹೇಳಿದ ಮೇಲೆ ಹೊಳೆಯಿತು, ಅದು ನಿಮ್ಮ ಮಾತು. ನಿಮಗೂ ಇದೇ ಕಾಯಿಲೆ ಎಂದು ರಿಪೋರ್ಟು ಬಂದ ದಿನ ಅಡುಗೆಮನೆಯಲ್ಲಿ ನಿಂತು ಅದನ್ನೇ ಹೇಳಿದಿರಿ, ಬಿಟ್ಟು ಮೂರು ವರ್ಷ ಆಯ್ತು ಕಣೇ, ತೊಟ್ಟೂ ಮುಟ್ಟಿಲ್ಲ ಎಂದು. ಲಿಫ್ಟು ರಿಪೇರಿ ಮಾಡುತ್ತ ದಿನವಿಡೀ ಮೆಟ್ಟಿಲು ಹತ್ತುತ್ತಿದ್ದವರು ನೀವು, ಹೊಟ್ಟೆ ಎನ್ನುವುದೇ ಇರಲಿಲ್ಲ. ಆದರೂ ಆ ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಬಾಯಿ ಸುಳ್ಳು ಹೇಳಬಹುದು, ಲಿವರ್ ಹೇಳಲ್ಲ ಎಂದು ಮಗಳ ಎದುರಿಗೇ ಅಂದೆ. ದಿನಾ ಸಂಜೆ ಬಾಗಿಲಲ್ಲೇ ನಿಲ್ಲಿಸಿ ಊದಿಸಿದೆ. ವಾಸನೆ ಬರದಿದ್ದರೆ ಪೆಪ್ಪರ್‌ಮಿಂಟ್ ಚೀಪಿ ಬಂದಿದ್ದೀರಿ ಎಂದೆ.

ಈಗ ಮಗಳ ಸರದಿ. ಹತ್ತೊಂಬತ್ತು ತುಂಬಿತು, ನನ್ನಷ್ಟೇ ಎತ್ತರ, ನನ್ನಷ್ಟೇ ಹಟ. ಬಾಗಿಲಿಗೆ ಅಡ್ಡ ನಿಂತು, ಅಮ್ಮಾ ಒಂದ್ಸಲ ಊದು ಅನ್ನುತ್ತಾಳೆ. ನನ್ನಿಂದ ಬರುವುದು ಕೊಳದ ಕ್ಲೋರಿನ್ ವಾಸನೆ ಮಾತ್ರ. ಮುಚ್ಚಿಡೋಕೆ ಅದೇ ಸಾಕಲ್ವಾ ಎಂದು ಕೇಳಿದಳು. ಅದರಲ್ಲೂ ಆಲ್ಕೋಹಾಲ್ ಇರುತ್ತೆ ಎಂದು ಕೆಮ್ಮಿನ ಸಿರಪ್ಪನ್ನೂ ಬೀರುವಿನಿಂದ ಮಾಯ ಮಾಡಿದ್ದಾಳೆ. ತೆಳ್ಳಗಿರುವವರಿಗೂ ಬರುತ್ತದಂತೆ, ಹುಟ್ಟಿನಿಂದ ಬಂದ ಗುಣವೂ ಇರಬಹುದಂತೆ ಎಂದು ಇನ್ನೊಬ್ಬ ಡಾಕ್ಟರು ಹೇಳಿದ್ದನ್ನು ಬಿಡಿಸಿ ಬಿಡಿಸಿ ಹೇಳಿದೆ. ತಪ್ಪು ಮಾಡದೇ ಇರೋರು ಇಷ್ಟೊಂದು ವಿವರಿಸಲ್ಲ ಅಂತ ನೀನೇ ಹೇಳ್ತಿದ್ದೆ ಎಂದಳು. ಹೌದು, ನಾನೇ ಹೇಳುತ್ತಿದ್ದೆ. ಕೂಗಾಡಿದರೆ ಕುಡಿದಿದ್ದೇನೆ, ಸುಮ್ಮನಿದ್ದರೆ ಮುಚ್ಚಿಡುತ್ತಿದ್ದೇನೆ, ಅತ್ತರೆ ನಾಟಕ.

ಕೊಳದಲ್ಲೂ ಗುಸುಗುಸು. ಮ್ಯಾನೇಜರು ಮಕ್ಕಳ ತರಗತಿಯಿಂದ ತೆಗೆದು ನನ್ನನ್ನು ಟಿಕೆಟ್ ಹರಿಯಲು ಕೂರಿಸಿದ್ದಾರೆ. ಮುಂದೆ ಸರಳಿನ ಕಿಟಕಿ, ಅದರಾಚೆ ನೀರು. ನಿನ್ನೆ ನನ್ನ ಶಿಷ್ಯೆಯೊಬ್ಬಳು ಸರಳು ಹಿಡಿದು, ಟೀಚರ್, ನೀವ್ಯಾಕೆ ಒಳಗಿದ್ದೀರಿ ಎಂದು ಕೇಳಿದಳು. ಟಿಕೆಟ್ ಹರಿದು ಕೊಟ್ಟೆ.

ಹೊರಬರಲು ಒಂದೇ ದಾರಿ. ಬಿಟ್ಟ ಮೇಲೆ ನಿಮ್ಮಪ್ಪನೂ ಕುಡಿದಿರಲಿಲ್ಲ ಎಂದು ಅವಳಿಗೆ ಹೇಳಬೇಕು. ಹೇಳಿದರೆ ನನ್ನನ್ನು ನಂಬುತ್ತಾಳೆ, ನಂಬಿದ ಮರುಕ್ಷಣ ನನ್ನ ಮುಖ ನೋಡುವುದಿಲ್ಲ. ಇಷ್ಟು ವರ್ಷ ಅವಳು ನಿಮ್ಮ ಫೋನು ಎತ್ತದಂತೆ ಮಾಡಿದ್ದು ನಾನಲ್ಲವೇ? ಮೂರು ವಾರದಿಂದ ಬಾಯಿ ತೆರೆಯುತ್ತೇನೆ, ಮುಚ್ಚುತ್ತೇನೆ. ನನಗಿರುವವಳು ಅವಳೊಬ್ಬಳೇ. ತುಂಬಾ ಭಯವಾಗುತ್ತಿದೆ ರೀ.

ಕ್ಷಮಿಸಿ ಎಂದು ಕೇಳುವ ಧೈರ್ಯವಿಲ್ಲ. ಗೊತ್ತಿಲ್ಲದೆ ಆದ ತಪ್ಪು ಎಂದಷ್ಟೇ ತಿಳಿದುಕೊಳ್ಳಿ.

ಇಂತಿ,
ನಿಮ್ಮ ಮಗಳ ತಾಯಿ

ತಾ.ಕ.: ಗೊತ್ತಿಲ್ಲದೆ ಎಂದು ಬರೆದದ್ದು ಸುಳ್ಳು. ನೀವು ಹೋದ ಮುಂದಿನ ವಾರವೇ ನಿಮ್ಮ ಡಾಕ್ಟರು ಮನೆಗೆ ಫೋನು ಮಾಡಿ, ರಕ್ತಪರೀಕ್ಷೆ ನೋಡಿದರೆ ಇದು ಕುಡಿತದಿಂದ ಬಂದ ಹಾಗೆ ಕಾಣುತ್ತಿಲ್ಲ ಎಂದಿದ್ದರು. ಅಷ್ಟರಲ್ಲಿ ನಾನು ಊರಿಗೆಲ್ಲ ಸಾರಿಯಾಗಿತ್ತು. ಆಡಿದ ಮಾತನ್ನು ವಾಪಸು ತೆಗೆದುಕೊಳ್ಳಲು ಜಂಬ ಬಿಡಲಿಲ್ಲ. ಈ ಲಕೋಟೆಗೆ ಅಂಟು ಹಚ್ಚುತ್ತಿಲ್ಲ. ಓದಿ ಪೋಸ್ಟ್ ಮಾಡು ಎಂದು ಮಗಳ ಕೈಗೇ ಕೊಡುತ್ತೇನೆ. ಇದು ನಿಮ್ಮ ಕೈ ಸೇರಿದ್ದರೆ, ಅವಳಿಗೂ ಗೊತ್ತಾಗಿದೆ.